ಜಠರದ ಹುಣ್ಣು ಮರುಕಳಿಸಿದಾಗ ಎರಡನೆಯ ಶಸ್ತ್ರಚಿಕಿತ್ಸೆ ಎಷ್ಟು ಫಲ ಕೊಡುತ್ತದೆ?

ಪ್ರಶ್ನೆ

ನನ್ನ ತಂದೆಯವರಿಗೆ ಈಗ 71 ವರ್ಷ. 1989ರಲ್ಲಿ ಡ್ಯುಯೊಡಿನಮ್‌ನ (ಸಣ್ಣ ಕರುಳಿನ ಮೊದಲ ಭಾಗದ) ಹುಣ್ಣಿಗಾಗಿ ಅವರ ಜಠರದ ಕೆಳಭಾಗವನ್ನು ತೆಗೆದು, ಉಳಿದದ್ದನ್ನು ಸಣ್ಣ ಕರುಳಿಗೆ ಜೋಡಿಸಿ, ಜಠರ ಆಮ್ಲ ಸುರಿಸುವಂತೆ ಮಾಡುವ ವೇಗಸ್ ನರವನ್ನೂ ಕತ್ತರಿಸಿದ್ದರು. ಮೂವತ್ತಕ್ಕೂ ಹೆಚ್ಚು ವರ್ಷ ಯಾವ ತೊಂದರೆಯೂ ಇರಲಿಲ್ಲ. ಕಳೆದ ಎರಡು ವರ್ಷಗಳಲ್ಲಿ ಆ ಜೋಡಣೆಯ ಅಂಚಿನಲ್ಲಿಯೇ ಎರಡು ಬಾರಿ ಹುಣ್ಣಾಗಿದ್ದು, ಎರಡನೆಯ ಬಾರಿ ಮಲ ಡಾಂಬರಿನಂತೆ ಕಪ್ಪಾಗಿ, ರಕ್ತ ಕೊಡಿಸಬೇಕಾಯಿತು. ಮತ್ತೆ ಶಸ್ತ್ರಚಿಕಿತ್ಸೆ ಮಾಡಿಸುವುದು ಒಳ್ಳೆಯದೆಂದು ಒಬ್ಬ ವೈದ್ಯರು ಹೇಳಿದ್ದಾರೆ. ಈ ವಯಸ್ಸಿನಲ್ಲಿ ಅದರ ಫಲಿತಾಂಶ ಹೇಗಿರುತ್ತದೆ, ಅದಾದ ಮೇಲೂ ಹುಣ್ಣು ಮರಳಿ ಬರಬಹುದೇ ಎಂಬುದನ್ನು ತಿಳಿದವರು ದಯವಿಟ್ಟು ವಿವರಿಸಬೇಕು.

ಮೊದಲ ಉತ್ತರ

ನಾನು ಹಲವು ವರ್ಷ ಹೊಟ್ಟೆಯ ಶಸ್ತ್ರಚಿಕಿತ್ಸಾ ವಿಭಾಗದಲ್ಲಿ ಕೆಲಸ ಮಾಡಿದವನು. ಫಲಿತಾಂಶ ಹೇಗಿರುತ್ತದೆ ಎಂದು ಕೇಳುವ ಮೊದಲು, ಹುಣ್ಣು ಏಕೆ ಮರಳಿತು ಎಂಬುದಕ್ಕೆ ಉತ್ತರ ಸಿಗಬೇಕು, ಏಕೆಂದರೆ ಕಾರಣವನ್ನು ಹಾಗೆಯೇ ಬಿಟ್ಟು ಇನ್ನಷ್ಟು ಜಠರವನ್ನು ಕತ್ತರಿಸಿದರೆ ಹುಣ್ಣು ಹೊಸ ಜೋಡಣೆಯಲ್ಲಿಯೂ ಕಾಣಿಸಿಕೊಳ್ಳಬಹುದು. ನಿಮ್ಮ ತಂದೆಯವರಿಗೆ ಆಗಿರುವಂಥ ಶಸ್ತ್ರಚಿಕಿತ್ಸೆಯ ನಂತರ ಹುಣ್ಣು ಮರುಕಳಿಸುವುದು ನೂರರಲ್ಲಿ ಒಬ್ಬರಿಗೋ ಇಬ್ಬರಿಗೋ ಮಾತ್ರ. ಆದ್ದರಿಂದ ಮರಳಿ ಬಂದಾಗ ಅದರ ಹಿಂದೆ ನಿರ್ದಿಷ್ಟ ಕಾರಣವೊಂದು ಇದ್ದೇ ಇರುತ್ತದೆ ಎಂದುಕೊಂಡು ಹುಡುಕುವುದು ಸರಿ.

ಹುಣ್ಣಿಗೆ ಕಾರಣವಾಗುವ ಹೆಲಿಕೊಬ್ಯಾಕ್ಟರ್ ಪೈಲೊರಿ ಬ್ಯಾಕ್ಟೀರಿಯಾವನ್ನು ಬ್ಯಾರಿ ಮಾರ್ಷಲ್ ಮತ್ತು ರಾಬಿನ್ ವಾರೆನ್ 1980ರ ದಶಕದ ಆರಂಭದಲ್ಲಿ ಗುರುತಿಸಿದ್ದರೂ, 1989ರ ವೇಳೆಗೆ ಅದನ್ನು ನಾಶಮಾಡುವ ಚಿಕಿತ್ಸೆ ಇನ್ನೂ ರೂಢಿಗೆ ಬಂದಿರಲಿಲ್ಲ. ಈಗ ಅದನ್ನು ಪರೀಕ್ಷಿಸಲೇಬೇಕು. ಜಠರದ ಭಾಗ ತೆಗೆದವರಲ್ಲಿ ಉಸಿರಿನ ಪರೀಕ್ಷೆ ಅಷ್ಟು ನಂಬಲರ್ಹವಲ್ಲ. ರಕ್ತಸ್ರಾವದ ಹೊತ್ತಿನಲ್ಲಿ ಮಾಡಿದ ಬಯಾಪ್ಸಿಯಲ್ಲಿ (ಚಿಕ್ಕ ತುಣುಕು ತೆಗೆದು ಮಾಡುವ ಪರೀಕ್ಷೆಯಲ್ಲಿ) ಬ್ಯಾಕ್ಟೀರಿಯಾ ಕಾಣದಿದ್ದರೆ ಅದನ್ನೂ ಕೊನೆಯ ಮಾತೆಂದು ತಿಳಿಯಬಾರದು. ಹುಣ್ಣಿನ ಅಂಚಿನಿಂದ ಬಯಾಪ್ಸಿ ಮಾಡಿಸುವುದಕ್ಕೆ ಇನ್ನೊಂದು ಗಂಭೀರ ಕಾರಣವೂ ಇದೆ: ಹಳೆಯ ಶಸ್ತ್ರಚಿಕಿತ್ಸೆಯಾಗಿ ಹದಿನೈದು ಇಪ್ಪತ್ತು ವರ್ಷ ಕಳೆದ ಮೇಲೆ ಉಳಿದ ಜಠರದಲ್ಲಿ ಕ್ಯಾನ್ಸರ್ ಬರುವ ಸಾಧ್ಯತೆ ಹೆಚ್ಚುತ್ತದೆ.

ಜಠರ ಆಮ್ಲ ಸುರಿಸುವಂತೆ ಪ್ರಚೋದಿಸುವ ಗ್ಯಾಸ್ಟ್ರಿನ್ ಎಂಬ ಹಾರ್ಮೋನಿನ ಮಟ್ಟವನ್ನೂ ರಕ್ತದಲ್ಲಿ ನೋಡಬೇಕು. ಅದು ಬಹಳ ಹೆಚ್ಚಿದ್ದರೆ ಅದನ್ನು ಸುರಿಸುವ ಗ್ಯಾಸ್ಟ್ರಿನೋಮ ಎಂಬ ಗಡ್ಡೆ ಇರಬಹುದು, ಅಥವಾ ಮೊದಲ ಶಸ್ತ್ರಚಿಕಿತ್ಸೆಯಲ್ಲಿ ಜಠರದ ಕೆಳಭಾಗದ ತುಣುಕೊಂದು ಡ್ಯುಯೊಡಿನಮ್‌ನ ಕಡೆಗೆ ಉಳಿದುಕೊಂಡಿರಬಹುದು. ಆ ತುಣುಕಿಗೆ ಆಮ್ಲ ತಾಗದ ಕಾರಣ ಅದು ಗ್ಯಾಸ್ಟ್ರಿನ್ ಸುರಿಸುತ್ತಲೇ ಇರುತ್ತದೆ, ಉಳಿದ ಜಠರ ಆಮ್ಲ ಸುರಿಸುತ್ತಲೇ ಇರುತ್ತದೆ. ಎರಡನೆಯ ಶಸ್ತ್ರಚಿಕಿತ್ಸೆ ನಿಜಕ್ಕೂ ಹುಣ್ಣಿನ ಬೇರನ್ನೇ ಕೀಳುವುದು ಇಂಥ ಸಂದರ್ಭದಲ್ಲಿ. ಆದರೆ ಆಮ್ಲ ತಗ್ಗಿಸುವ ಒಮೆಪ್ರಜೋಲ್, ಪ್ಯಾಂಟೊಪ್ರಜೋಲ್ ಮಾತ್ರೆಗಳೂ ಗ್ಯಾಸ್ಟ್ರಿನ್ ಅನ್ನು ಹೆಚ್ಚಿಸುತ್ತವೆ. ಪರೀಕ್ಷೆಗೆಂದು ಅವನ್ನು ನೀವಾಗಿಯೇ ನಿಲ್ಲಿಸಬೇಡಿ. ರಕ್ತ ಸುರಿದ ಹುಣ್ಣಿರುವವರಿಗೆ ಅದು ಅಪಾಯಕರ.

ವೇಗಸ್ ನರದ ಒಂದು ಎಳೆ ಉಳಿದಿರುವುದೇ ಕಾರಣವಾದರೆ ಇಂದು ಹೆಚ್ಚಿನವರಿಗೆ ಮಾತ್ರೆಯೇ ಸಾಕಾಗುತ್ತದೆ. ಸಾಲದಿದ್ದರೆ ಎದೆಯ ಮೂಲಕ ಕ್ಯಾಮೆರಾ ಇರುವ ನಳಿಕೆಯ ನೆರವಿನಿಂದ ಆ ನರವನ್ನು ಕತ್ತರಿಸುವ ವಿಧಾನವಿದ್ದು, ಹಳೆಯ ಗಾಯದಿಂದ ಅಂಗಗಳು ಒಂದಕ್ಕೊಂದು ಅಂಟಿಕೊಂಡಿರುವ ಹೊಟ್ಟೆಯನ್ನು ಮತ್ತೆ ತೆರೆಯುವ ಕಷ್ಟ ಅದರಲ್ಲಿ ತಪ್ಪುತ್ತದೆ.

ಎರಡನೆಯ ಉತ್ತರ

ನನಗೆ ಎರಡನೆಯ ಶಸ್ತ್ರಚಿಕಿತ್ಸೆಯಾಗಿ ಆರು ವರ್ಷವಾಯಿತು. ಹುಣ್ಣು ಮರಳಿ ಬಂದಿಲ್ಲ ಎಂಬುದು ನಿಜ, ಆದರೆ ಅದರ ನಂತರದ ಬದುಕಿನ ಬಗ್ಗೆ ನನಗೆ ಯಾರೂ ಮೊದಲೇ ವಿವರವಾಗಿ ಹೇಳಿರಲಿಲ್ಲ. ಊಟವಾದ ಅರ್ಧ ಗಂಟೆಯೊಳಗೆ ಎದೆ ಬಡಿತ ಹೆಚ್ಚಿ, ಬೆವರಿ, ಮಲಗಲೇಬೇಕೆನಿಸುತ್ತಿತ್ತು. ಇದಕ್ಕೆ ಡಂಪಿಂಗ್ ಎನ್ನುತ್ತಾರೆ. ದಿನಕ್ಕೆ ಆರು ಬಾರಿ ಸ್ವಲ್ಪಸ್ವಲ್ಪವೇ ತಿನ್ನುವುದು, ಸಿಹಿಯನ್ನು ಬಿಡುವುದು, ನೀರನ್ನು ಊಟದ ಜೊತೆ ಕುಡಿಯದೆ ಬೇರೆ ಹೊತ್ತಿನಲ್ಲಿ ಕುಡಿಯುವುದು, ಇಷ್ಟರಿಂದಲೇ ಒಂದು ವರ್ಷದಲ್ಲಿ ಬಹುಮಟ್ಟಿಗೆ ಕಡಿಮೆಯಾಯಿತು. ಬಿ12 ಚುಚ್ಚುಮದ್ದು ಮತ್ತು ಕಬ್ಬಿಣದ ಮಾತ್ರೆ ಇಂದಿಗೂ ನಡೆಯುತ್ತಿವೆ. ಕಳೆದುಕೊಂಡ ಒಂಬತ್ತು ಕಿಲೋ ತೂಕ ಪೂರ್ತಿಯಾಗಿ ಮರಳಲಿಲ್ಲ. ನಿಮ್ಮ ತಂದೆಯವರು ಈಗಾಗಲೇ ತೆಳ್ಳಗಿದ್ದರೆ ಈ ವಿಷಯವನ್ನು ವೈದ್ಯರೊಡನೆ ಮೊದಲೇ ಮಾತನಾಡಿ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಹೃತ್ಪೂರ್ವಕ ಧನ್ಯವಾದಗಳು. ಉತ್ತರಗಳನ್ನು ಓದಿ ತಂದೆಯವರನ್ನು ಕೂರಿಸಿಕೊಂಡು ಕೇಳಿದಾಗ, ಮಂಡಿ ನೋವಿಗೆಂದು ಮೂರು ವರ್ಷಗಳಿಂದ ಡೈಕ್ಲೊಫಿನಾಕ್ ಮಾತ್ರೆ ನುಂಗುತ್ತಿರುವುದಾಗಿ ಹೇಳಿದರು. ವೈದ್ಯರು ಕೇಳಿರಲಿಲ್ಲ, ನಮಗೂ ಗೊತ್ತಿರಲಿಲ್ಲ. ಹೃದಯಕ್ಕೆಂದು ಕಡಿಮೆ ಪ್ರಮಾಣದ ಆಸ್ಪಿರಿನ್ ಕೂಡ ಇದೆ. ಎರಡನ್ನೂ ನಿಲ್ಲಿಸಬೇಕೇ?

ಮೊದಲ ಉತ್ತರ ಬರೆದವರು

ಡೈಕ್ಲೊಫಿನಾಕ್‌ನಂಥ ನೋವಿನ ಮಾತ್ರೆಗಳೇ ಹುಣ್ಣಿಗೆ ಕಾರಣವಾಗಬಹುದು, ಅದನ್ನು ಇಂದೇ ನಿಲ್ಲಿಸಿ. ಮಂಡಿ ನೋವಿಗೆ ಪ್ಯಾರಾಸಿಟಮಾಲ್ ಬಳಸಬಹುದೇ ಎಂದು ಅವರ ವೈದ್ಯರನ್ನು ಕೇಳಿ. ಆಸ್ಪಿರಿನ್ ವಿಷಯ ಬೇರೆ. ಸ್ಟೆಂಟ್ ಹಾಕಿಸಿಕೊಂಡವರು ಅಥವಾ ಹೃದಯಾಘಾತವಾದವರು ಅದನ್ನು ತಾವಾಗಿಯೇ ಬಿಟ್ಟರೆ ಹುಣ್ಣಿಗಿಂತ ದೊಡ್ಡ ಅನಾಹುತವಾಗಬಹುದು, ಆದ್ದರಿಂದ ಅದನ್ನು ಹೃದಯದ ವೈದ್ಯರೇ ನಿರ್ಧರಿಸಲಿ. ಮತ್ತೆ ರಕ್ತಸ್ರಾವವಾಗಲಿ, ಊಟ ಮುಂದೆ ಸಾಗದಂತೆ ಅಡಚಣೆಯಾಗಲಿ ಇಲ್ಲದಿದ್ದರೆ, ಆಮ್ಲ ತಗ್ಗಿಸುವ ಮಾತ್ರೆಯನ್ನು ತಪ್ಪದೆ ಕೊಟ್ಟು, ಎಂಟರಿಂದ ಹನ್ನೆರಡು ವಾರಗಳ ನಂತರ ಎಂಡೋಸ್ಕೋಪಿ ಮಾಡಿಸಿ ಹುಣ್ಣು ಮಾಗಿದೆಯೇ ಎಂದು ನೋಡುವವರೆಗೆ ಶಸ್ತ್ರಚಿಕಿತ್ಸೆಯ ನಿರ್ಧಾರವನ್ನು ಮುಂದೂಡಬಹುದೇ ಎಂದು ಕೇಳಿ. ಡೈಕ್ಲೊಫಿನಾಕ್ ವಿಷಯ ಗೊತ್ತಾದರೆ ಆ ವೈದ್ಯರ ಸಲಹೆಯೇ ಬದಲಾಗಬಹುದು ಎಂದು ನನಗನಿಸುತ್ತದೆ.