ಉಣುಗು ಒಂದೂ ಇಲ್ಲ, ಆದರೂ ರಾತ್ರಿಯೆಲ್ಲಾ ಕೆರೆದುಕೊಳ್ಳುತ್ತಾನೆ

ಗುಂಡನ ಯಜಮಾನ, ಸಾಗರ:

ನಮ್ಮ ಗುಂಡ ಲ್ಯಾಬ್ರಡಾರ್ ನಾಯಿ, ಕೆನೆ ಬಣ್ಣ, ನಾಲ್ಕು ವರ್ಷ, 31 ಕೆಜಿ. ಮಳೆಗಾಲ ಹಿಡಿದಾಗಿನಿಂದ ಕೆರೆತ. ರಾತ್ರಿ ಎರಡು ಗಂಟೆಗೆ ಹಿಂಗಾಲು ನೆಲಕ್ಕೆ ಬಡಿಯುವ ಟಪ್ ಟಪ್ ಸದ್ದು. ಕೊರಳಪಟ್ಟಿಯ ಗೆಜ್ಜೆಯೂ ಜತೆಗೆ ಕುಣಿಯುತ್ತಿತ್ತು, ಅದನ್ನು ಬಿಚ್ಚಿಟ್ಟೆ. ಈಗ ಬರೀ ಟಪ್ ಟಪ್.

ಬಾಲದ ಬುಡದಲ್ಲಿ ಅಂಗೈ ಅಗಲ ಕೂದಲು ಉದುರಿ ಚರ್ಮ ಕೆಂಪಾಗಿದೆ. ಮುಂಗಾಲಿನ ಬೆರಳ ಸಂದಿ ನೆಕ್ಕಿ ನೆಕ್ಕಿ ಬಿಳಿ ಕೂದಲು ತುಕ್ಕಿನ ಬಣ್ಣಕ್ಕೆ ತಿರುಗಿದೆ. ಕಿವಿ ಹತ್ತಿರ ಮೂಗಿಟ್ಟರೆ ಹುಳಿ ಬಂದ ದೋಸೆ ಹಿಟ್ಟಿನ ವಾಸನೆ.

ಮಾಡಿದ್ದೆಲ್ಲಾ ಹೇಳಿಬಿಡುತ್ತೇನೆ. ಬೇವಿನ ಸೊಪ್ಪು ಕುದಿಸಿದ ನೀರು ಆಯಿತು. ತೆಂಗಿನೆಣ್ಣೆಗೆ ಅರಿಶಿನ ಕಲಸಿ ಹಚ್ಚಿದ್ದಾಯಿತು. ಅವನಿಗೆ ಏನೂ ಆಗಲಿಲ್ಲ, ಸೋಫಾ ಹಳದಿಯಾಯಿತು, ಮನೆಯವಳ ಹತ್ತಿರ ನನಗೆ ಮಂಗಳಾರತಿ. ದಿನಾ ನಮ್ಮದೇ ಸೋಪಿನಲ್ಲಿ ಸ್ನಾನ ಮಾಡಿಸಿದೆ. ಡಾಕ್ಟರು ಒಂದು ಇಂಜೆಕ್ಷನ್ ಕೊಟ್ಟರು. ಒಂದು ವಾರ ಸ್ವರ್ಗ. ಆದರೆ ಬಕೆಟ್‌ಗಟ್ಟಲೆ ನೀರು ಕುಡಿದು ನಡುಮನೆಯಲ್ಲೇ ಉಚ್ಚೆ ಹೊಯ್ದ. ಆಮೇಲೆ ಮತ್ತೆ ಶುರು.

ಪಕ್ಕದ ಮನೆಯವರು ಕೋಳಿ ನಿಲ್ಲಿಸಿ ಅಂತಾರೆ. ಇನ್ನೊಬ್ಬರು ರಕ್ತ ಕೊಟ್ಟು ಅಲರ್ಜಿ ಟೆಸ್ಟ್ ಮಾಡಿಸಿ ಅಂತಾರೆ, ಸಾವಿರಗಟ್ಟಲೆ ಖರ್ಚು. ಮಾಡಿಸಲಾ? ಅಂದ ಹಾಗೆ ಉಣುಗು ಇಲ್ಲ. ಕನ್ನಡಕ ಹಾಕಿಕೊಂಡು ನಾನೇ ಹುಡುಕಿದ್ದೇನೆ.

ಸುಮ, ಪುತ್ತೂರು:

ಸರ್, ಉಣುಗು ಬೇರೆ, ಚಿಗಟ ಬೇರೆ. ಉಣುಗು ಕಚ್ಚಿಕೊಂಡು ಅಲ್ಲೇ ಕೂರುತ್ತೆ, ಕೈಗೆ ಸಿಗುತ್ತೆ. ಚಿಗಟ ಕನ್ನಡಕಕ್ಕೂ ಸಿಗಲ್ಲ, ಓಡಿಬಿಡುತ್ತೆ. ನೀವು ಬಾಲದ ಬುಡ ಅಂದ ಕೂಡಲೇ ನನಗೆ ನಮ್ಮ ನಾಯಿ ಚಿನ್ನು ನೆನಪಾದಳು. ಅಲ್ಲಿ ಕೂದಲು ಹೋದರೆ ಮೊದಲ ಅನುಮಾನ ಚಿಗಟದ ಮೇಲೇ.

ಇವತ್ತೇ ಒಂದು ಕೆಲಸ ಮಾಡಿ. ಸಣ್ಣ ಹಲ್ಲಿನ ಹೇನು ಬಾಚಣಿಗೆಯಿಂದ ಆ ಜಾಗ ಬಾಚಿ. ಮೆಣಸಿನ ಪುಡಿಯಂಥ ಕಪ್ಪು ಚೂರು ಬರುತ್ತೆ. ಒದ್ದೆ ಮಾಡಿದ ಬಿಳಿ ಟಿಶ್ಯೂ ಮೇಲೆ ಉದುರಿಸಿ. ಮಣ್ಣಾದರೆ ಕಪ್ಪಾಗೇ ಉಳಿಯುತ್ತೆ. ಸುತ್ತ ಕೆಂಪು ಹರಡಿದರೆ ಅದು ಚಿಗಟದ ಹಿಕ್ಕೆ, ಅಂದರೆ ನಿಮ್ಮ ಗುಂಡನದೇ ರಕ್ತ. ಕೆಲವು ನಾಯಿಗಳಿಗೆ ಚಿಗಟದ ಎಂಜಲೇ ಆಗಿಬರಲ್ಲ. ಒಂದೆರಡು ಕಚ್ಚಿದರೂ ದಿನಗಟ್ಟಲೆ ತುರಿಕೆ. ಮೇಲಾಗಿ ನಾಯಿಗಳೇ ಚಿಗಟವನ್ನು ಕಚ್ಚಿ, ನೆಕ್ಕಿ ನುಂಗಿಬಿಡುತ್ತವೆ. ಹಾಗಾಗಿ ಏನೂ ಸಿಗಲಿಲ್ಲ ಅಂತ ಚಿಗಟ ಇಲ್ಲ ಅನ್ನುವ ಹಾಗಿಲ್ಲ.

ನಾನು ಮೂರು ತಿಂಗಳು ಹಾಳು ಮಾಡಿದ್ದು ಇಲ್ಲೇ. ಚಿನ್ನುಗೆ ಒಂದು ಸಲ ಮಾತ್ರೆ ಕೊಟ್ಟೆ, ಕಡಿಮೆಯಾಯಿತು, ಸುಮ್ನಾದೆ. ಚಿಗಟದ ಮೊಟ್ಟೆ, ಮರಿ, ಗೂಡು ಎಲ್ಲಾ ಅವಳು ಮಲಗುವ ಗೋಣಿಚೀಲದಲ್ಲಿ, ನೆಲದ ಸಂದಿಯಲ್ಲಿ ಆರಾಮಾಗಿದ್ದವು. ಗೂಡಿನೊಳಗಿನದಕ್ಕೆ ಯಾವ ಔಷಧಿಯೂ ಸರಿಯಾಗಿ ತಾಗಲ್ಲ, ತಿಂಗಳುಗಟ್ಟಲೆ ಕಾದು ಹೊರಗೆ ಬರುತ್ತೆ. ಕೊನೆಗೆ ಗೋಣಿ ಸುಟ್ಟೆ, ಹೊದಿಕೆಗಳನ್ನು ಕುದಿಯುವ ನೀರಿಗೆ ಹಾಕಿದೆ, ಮಾತ್ರೆಯನ್ನು ತಿಂಗಳು ತಪ್ಪದೆ ಕೊಟ್ಟೆ. ಆಮೇಲೆ ನಿಂತಿತು.

ಮನೆಯಲ್ಲಿ ಬೆಕ್ಕು ಇದೆಯಾ? ಇದ್ದರೆ ಅದಕ್ಕೂ ಔಷಧಿ ಬೇಕು, ಆದರೆ ನಾಯಿಯದನ್ನು ಹಾಕಲೇಬೇಡಿ. ನಾಯಿಯ ಬೆನ್ನಿಗೆ ಬಿಡುವ ಕೆಲವು ಹನಿ ಔಷಧಿಗಳಲ್ಲಿ ಪರ್ಮೆಥ್ರಿನ್ ಅನ್ನುವ ಕೀಟನಾಶಕ ಇರುತ್ತೆ. ಅದು ಬೆಕ್ಕಿಗೆ ವಿಷ.

ತೋಟದ ಮನೆ:

ನಮ್ಮ ಕಡೆ ಸುಟ್ಟ ಎಂಜಿನ್ ಆಯಿಲ್ ಹಚ್ಚುತ್ತಾರೆ. ಎರಡೇ ಸಲ, ಕಜ್ಜಿ ಮಾಯ.

ನಿವೃತ್ತ ಪಶುವೈದ್ಯ, ಹಾಸನ:

ಎಂಜಿನ್ ಆಯಿಲ್ ಸ್ಕೂಟರ್‌ಗೆ ಇರಲಿ ಮಾರಾಯರೇ. ನಾಯಿ ಅದನ್ನು ನೆಕ್ಕುತ್ತದೆ, ಚರ್ಮವೂ ಸುಡುತ್ತದೆ. ಇಂಥವು ಎಷ್ಟು ಬಂದಿವೆಯೋ ನನ್ನ ಮೇಜಿನ ಮೇಲೆ.

ಸುಮ ಅವರು ಹೇಳಿದ್ದು ಸರಿ. ಟಿಶ್ಯೂ ಮೇಲೆ ಕೆಂಪು ಬರಲಿ, ಬಿಡಲಿ, ಮೊದಲು ಚಿಗಟಕ್ಕೇ ಔಷಧಿ ಮಾಡಿ. ಅಫಾಕ್ಸೊಲನರ್ ತಿಂಗಳಿಗೊಮ್ಮೆ, ಫ್ಲುರಲನರ್ 12 ವಾರಕ್ಕೊಮ್ಮೆ, ಎರಡೂ ತೂಕ ನೋಡಿ ಕೊಡುವ ಮಾತ್ರೆ. ಕಜ್ಜಿ ಹುಳಕ್ಕೂ ಆಗುತ್ತವೆ. ಹಿಂದೆ ಯಾವಾಗಾದರೂ ಫಿಟ್ಸ್ ಬಂದಿದ್ದರೆ ಡಾಕ್ಟರಿಗೆ ಮೊದಲೇ ಹೇಳಿ. ಮನೆಯವರಲ್ಲಿ ಯಾರಿಗಾದರೂ ತುರಿಕೆ ಇದ್ದರೆ ಅದನ್ನೂ ಹೇಳಿ. ಕಜ್ಜಿ ಹುಳ ಮನುಷ್ಯರನ್ನೂ ಬಿಡುವುದಿಲ್ಲ.

ಆದರೆ ಪಾದ, ಕಿವಿ, ಆ ಹುಳಿ ವಾಸನೆ ಬರೀ ಚಿಗಟದ ಕತೆ ಅಲ್ಲ. ಅದು ಯೀಸ್ಟ್ ಎಂಬ ಶಿಲೀಂಧ್ರ ಇರಬಹುದು. ಅಂಟು ಟೇಪ್ ಒತ್ತಿ ತೆಗೆದು ಸ್ಲೈಡ್ ಮೇಲೆ ನೋಡಿದರೆ ಅಲ್ಲೇ ಗೊತ್ತಾಗುತ್ತದೆ, ಖರ್ಚೂ ಕಡಿಮೆ. ಇದ್ದರೆ ಔಷಧಿಯ ಶಾಂಪೂ ಬೇಕು, ನೊರೆ ಹತ್ತು ನಿಮಿಷ ಮೈಮೇಲೇ ನಿಲ್ಲಬೇಕು. ನಿಮ್ಮ ಸೋಪು ನಾಯಿ ಚರ್ಮಕ್ಕೆ ಹೊಂದುವುದಿಲ್ಲ. ದಿನಾ ಹಾಕಿ ಇನ್ನಷ್ಟು ಒಣಗಿಸಿದ್ದೀರಿ.

ಆ ಇಂಜೆಕ್ಷನ್ ಸ್ಟೀರಾಯ್ಡ್ ಆಗಿರಬೇಕು. ಜಾಸ್ತಿ ನೀರು, ಉಚ್ಚೆ ಅದರದೇ ಗುಣ. ಬೈಯುವ ಔಷಧಿಯಲ್ಲ, ಆದರೆ ತಿಂಗಳು ತಿಂಗಳು ಚುಚ್ಚಿಸಿಕೊಳ್ಳುವುದೂ ಅಲ್ಲ. ಸದ್ಯದ ತುರಿಕೆಗೆ ಒಕ್ಲಾಸಿಟಿನಿಬ್ ಮಾತ್ರೆ ಇದೆ, ಡಾಕ್ಟರನ್ನು ಕೇಳಿ.

ರಕ್ತದ ಟೆಸ್ಟ್ ಈಗ ಬೇಡ. ಆಹಾರದ ಅಲರ್ಜಿ ಹಿಡಿಯಲು ಅದನ್ನು ನಂಬುವ ಹಾಗಿಲ್ಲ. ಅದಕ್ಕೆ ಎಂಟು ವಾರ ಒಂದೇ ಹೊಸ ಆಹಾರ ಕೊಟ್ಟು, ಮತ್ತೆ ಹಳೆಯದಕ್ಕೆ ಬಂದು ನೋಡಬೇಕು. ನಡುವೆ ಮೊಮ್ಮಕ್ಕಳು ಒಂದು ಬಿಸ್ಕತ್ತು ಕೊಟ್ಟರೂ ಮೊದಲಿನಿಂದ ಶುರು. ಮಳೆಗಾಲದಲ್ಲಿ ಮಾತ್ರ ಬಂದಿದೆ ಅಂದರೆ ಕೋಳಿಯ ಮೇಲೆ ನನಗೆ ಅಷ್ಟೇನೂ ಅನುಮಾನ ಇಲ್ಲ. ಕೋಳಿ ವರ್ಷವಿಡೀ ತಿನ್ನುತ್ತಾನಲ್ವಾ?

ಗುಂಡನ ಯಜಮಾನ, ಸಾಗರ (ಮೂರು ವಾರದ ನಂತರ):

ಟಿಶ್ಯೂ ಕೆಂಪಾಯಿತು. ನನಗಿಂತ ಮನೆಯವಳಿಗೆ ಜಾಸ್ತಿ ಆಘಾತ, ಏಕೆಂದರೆ ಬೆಕ್ಕು ಅವಳದು. ಅದು ಮಲಗುವ ಬುಟ್ಟಿಯಲ್ಲೇ ಗುಂಡನೂ ತಲೆ ಇಡುತ್ತಾನೆ. ಇಬ್ಬರಿಗೂ ಅವರವರ ಔಷಧಿ ಆಯಿತು. ಹೊದಿಕೆಯೆಲ್ಲಾ ಹಂಡೆಯ ಬಿಸಿನೀರಿಗೆ ಹೋಯಿತು. ಒಣಗಿಸಲು ಬಿಸಿಲಿಲ್ಲ, ಅಡಿಕೆ ಅಟ್ಟದ ಕೆಳಗೆ ನೇತುಹಾಕಿದ್ದೇವೆ.

ಬಾಲದ ಬುಡದಲ್ಲಿ ಸಣ್ಣ ಕೂದಲು ಬರುತ್ತಿದೆ. ರಾತ್ರಿ ಟಪ್ ಟಪ್ ಮುಕ್ಕಾಲು ಪಾಲು ನಿಂತಿದೆ. ಪಾದ ನೆಕ್ಕುವುದು ಮಾತ್ರ ಬಿಟ್ಟಿಲ್ಲ. ಸ್ಲೈಡ್‌ನಲ್ಲಿ ಯೀಸ್ಟ್ ಸಿಕ್ಕಿತು, ಶಾಂಪೂ ಬರೆದುಕೊಟ್ಟಿದ್ದಾರೆ. ಸರಿ, ಆದರೆ 31 ಕೆಜಿ ನಾಯಿಯನ್ನು ನೊರೆ ಸಮೇತ ಹತ್ತು ನಿಮಿಷ ಹಿಡಿದು ನಿಲ್ಲಿಸುವುದು ಹೇಗೆ? ನಿನ್ನೆ ಮೂರನೇ ನಿಮಿಷಕ್ಕೆ ಮೈ ಕೊಡವಿ ನನಗೇ ಸ್ನಾನ ಮಾಡಿಸಿದ.

ಸುಮ, ಪುತ್ತೂರು:

ಒಂದು ಇಡ್ಲಿಯನ್ನು ಹತ್ತು ಚೂರು ಮಾಡಿ ಜೇಬಲ್ಲಿ ಇಟ್ಟುಕೊಳ್ಳಿ ಸರ್. ನಿಮಿಷಕ್ಕೊಂದು. ನೊರೆಯನ್ನು ಪಾದದಿಂದ ಶುರು ಮಾಡಿ, ತಲೆ ಕಡೆಗೆ. ತಲೆ ಒದ್ದೆಯಾದ ಮೇಲೆ ಅವು ಮೈ ಕೊಡವುವುದು ಜಾಸ್ತಿ. ಆಮೇಲೆ ಬೆರಳ ಸಂದಿ ಚೆನ್ನಾಗಿ ಒರೆಸಿ.