ಪದಚರ್ಚೆ: ಸಭೆಯ ಪ್ರಾರ್ಥನೆಯಲ್ಲಿ ‘ನಾವು’ ಅಂದರೆ ಯಾರ್ಯಾರು?

ಎಲ್ಲರಿಗೂ ನಮಸ್ಕಾರ,

ಹದಿನೈದು ದಿನದಿಂದ ಒಂದು ಪದ ನನ್ನನ್ನು ಬಿಡುತ್ತಿಲ್ಲ. ಪದ ‘ನಾವು’. ಇದರಲ್ಲಿ ಕೇಳುವುದೇನಿದೆ ಅನ್ನಬೇಡಿ, ಪೂರ್ತಿ ಓದಿ ಹೇಳಿ.

ನಾನು ರಾಯಚೂರಿನವಳು. ಈಗ ಇರುವುದು ಕೆನಡಾದ ವಿನ್ನಿಪೆಗ್‌ನಲ್ಲಿ, ಹೋಗುವುದು ಒಂದು ಮೆನ್ನೊನೈಟ್ ಸಭೆಗೆ, ಅಂದರೆ ಕ್ರೈಸ್ತರ ಒಂದು ಪಂಥದ ಚರ್ಚಿಗೆ. ಮೆನ್ನೊನೈಟರ ಬಗ್ಗೆ ಗೊತ್ತಿಲ್ಲದವರಿಗೆ ಎರಡು ಮಾತು. 1525ರ ಜನವರಿಯಲ್ಲಿ ಜ್ಯೂರಿಕ್‌ನಲ್ಲಿ ಕೆಲವರು, ದೊಡ್ಡವರಾದ ಮೇಲೆ ತಾವೇ ಒಪ್ಪಿ ದೀಕ್ಷಾಸ್ನಾನ ತಗೋಬೇಕು ಅಂತ ಹಾಗೇ ಮಾಡಿದರು. ಆ ಪಂಥದಿಂದ ಬಂದವರು ಇವರು. ಹೆಸರು ಬಂದದ್ದು ಮೆನ್ನೊ ಸೈಮನ್ಸ್ ಎಂಬವರಿಂದ. ಯುದ್ಧ ಬೇಡ ಅನ್ನುವುದು ಇವರ ಹಳೆಯ ನಿಲುವು. ಎಲ್ಲ ಸಭೆಗಳೂ ಇದನ್ನೇ ಓದಬೇಕು ಅನ್ನುವಂಥ ಒಂದೇ ಪ್ರಾರ್ಥನೆ ಪುಸ್ತಕ ಇವರಲ್ಲಿಲ್ಲ. ಹಾಗಾಗಿ ಪ್ರಾರ್ಥನೆ, ಕರೆ, ಆಶೀರ್ವಾದ ಇವನ್ನೆಲ್ಲ ಸಭೆಯ ಜನರೇ ಆಗಾಗ ಹೊಸದಾಗಿ ಬರೆಯುತ್ತಾರೆ. 2020ರಲ್ಲಿ ಬಂದ ಇಲ್ಲಿನ ಹೊಸ ಹಾಡಿನ ಪುಸ್ತಕದಲ್ಲೂ ಹಾಡುಗಳ ಜೊತೆ ಇಂಥ ಓದುವ ಮಾತುಗಳು ಬೇಕಾದಷ್ಟಿವೆ. ಯಾರನ್ನೂ ಹೊರಗಿಡದ ಮಾತು ಬೇಕು ಅನ್ನುವ ಕಾಳಜಿ ಇವರಿಗೆ ಜಾಸ್ತಿ. (‘ಒಳಗೊಳ್ಳುವಿಕೆ’ ಅನ್ನುವ ಪದ ನನಗೆ ಸರ್ಕಾರಿ ಸುತ್ತೋಲೆಯ ಹಾಗೆ ಕೇಳುತ್ತದೆ. ‘ಯಾರನ್ನೂ ಹೊರಗಿಡದ’ ಅಂದರೆ ಅಜ್ಜಿಗೂ ತಿಳಿಯುತ್ತದೆ.)

ಈ ಸಲ ಒಂದು ಭಾನುವಾರಕ್ಕೆ ಹಲವು ಭಾಷೆಗಳಲ್ಲಿ ಪ್ರಾರ್ಥನೆ ಬೇಕಿತ್ತು. ಕನ್ನಡ ನನ್ನ ಪಾಲಿಗೆ ಬಂತು, ತೆಲುಗು ನನ್ನ ಗೆಳತಿಯ ಪಾಲಿಗೆ. ಅವಳು ಮಹಬೂಬ್‌ನಗರದ ಕಡೆಯವಳು. ಆ ಸೀಮೆಗೆ ಮೆನ್ನೊನೈಟರು ಹೊಸಬರಲ್ಲ, ನಿಜಾಮರ ಹೈದರಾಬಾದ್ ರಾಜ್ಯಕ್ಕೆ ಅಮೆರಿಕದ ಮೆನ್ನೊನೈಟ್ ಬ್ರದರನ್ ಮಿಷನರಿಗಳು 1899ರಲ್ಲೇ ಬಂದಿದ್ದರು. ನಮ್ಮ ರಾಯಚೂರಿಂದ ಕೃಷ್ಣೆ ದಾಟಿದರೆ ಹಳೆಯ ಮಹಬೂಬ್‌ನಗರ ಜಿಲ್ಲೆ, ಅಷ್ಟು ಹತ್ತಿರ. ನಮಗೆಲ್ಲ ತೆಲುಗು ಬಾಯಲ್ಲೇ ಇರುತ್ತದೆ.

ಆರಾಧನೆ ಮುಗಿದ ಮೇಲೆ ಸಭೆಯ ಅಡುಗೆಮನೆಯ ಮೇಜಿನ ಮೇಲೆ ಇಂಗ್ಲಿಷ್ ಹಾಳೆ ಹರಡಿಕೊಂಡು ಇಬ್ಬರೂ ಕೂತೆವು. ನಾನು ಮೂರು ಸಾಲು ಬರೆದು ಮುಗಿಸಿದ್ದೆ. ಅವಳು ಇನ್ನೂ ಒಂದಕ್ಷರ ಬರೆದಿರಲಿಲ್ಲ. ಇಂಗ್ಲಿಷಿನ ‘ವೀ’ ಬಂದ ಕಡೆಯಲ್ಲೆಲ್ಲ ಪೆನ್ಸಿಲ್‌ನಿಂದ ಸುತ್ತು ಹಾಕುತ್ತಿದ್ದಳು, ಹನ್ನೊಂದು ಸುತ್ತು. ಹಾಳೆ ಬರೆದವರನ್ನು ಕರೆದು ಒಂದೊಂದಕ್ಕೂ ಕೇಳಿದಳು, ಇದು ‘ಮನಮು’ನಾ ‘ಮೇಮು’ನಾ ಅಂತ. ಮನಮು ಅಂದರೆ ಕೇಳುವವರೂ ಸೇರಿ ನಾವು. ಮೇಮು ಅಂದರೆ ಕೇಳುವವರನ್ನು ಬಿಟ್ಟು ನಾವು. ತುಳುವಿನಲ್ಲಿ ‘ನಮ’, ‘ಎಂಕುಳು’ ಇದ್ದ ಹಾಗೆ. ಹಾಳೆ ಬರೆದವರಿಗೆ ಐದಾರು ಕಡೆ ಉತ್ತರ ಹೊಳೆಯಲಿಲ್ಲ. ನಾನು ಆಗಲೇ ಬರೆದಿದ್ದ ಮೂರು ‘ನಾವು’ ನೋಡಿಕೊಂಡೆ. ಮೂರೂ ಬೇರೆ ಬೇರೆ ‘ನಾವು’!

ಒಂದು ಸಾಲು ಹೇಳುತ್ತೇನೆ, ಆಗ ಗೊತ್ತಾಗುತ್ತದೆ. ಇಲ್ಲಿ ಆರಾಧನೆಯ ಮೊದಲಿಗೆ, ಈ ನೆಲ ಮೊದಲು ಯಾರದಾಗಿತ್ತು ಅಂತ ನೆನೆಯುವ ರೂಢಿ ಇದೆ. ವಿನ್ನಿಪೆಗ್ ಇರುವ ಸೀಮೆಯ ಬಗ್ಗೆ ಮೂಲನಿವಾಸಿಗಳ ಜೊತೆ ಒಪ್ಪಂದವಾದದ್ದು 1871ರಲ್ಲಿ. ರಷ್ಯಾದಿಂದ ಮೆನ್ನೊನೈಟ್ ರೈತರು ಮ್ಯಾನಿಟೋಬಾಕ್ಕೆ ಬಂದಿಳಿಯಲು ಶುರುವಾದದ್ದು 1874ರಲ್ಲಿ. ನಮ್ಮ ಹಾಳೆಯ ಸಾಲನ್ನು ನಾನು ಹೀಗೆ ಬರೆದಿದ್ದೆ: ‘ದೇವರೇ, ನಾವು ಈ ನೆಲಕ್ಕೆ ಬಂದೆವು, ಉತ್ತೆವು, ಬೆಳೆದೆವು, ಮೊದಲಿದ್ದವರ ಮಾತು ಕೇಳಲಿಲ್ಲ.’ ಓದಲು ಚೆನ್ನಾಗಿದೆ. ಆದರೆ ಇಲ್ಲಿನ ಮೂಲನಿವಾಸಿಗಳಾದ ಅನಿಶಿನಾಬೆ ಜನಾಂಗದ ಒಬ್ಬ ಹಿರಿಯಮ್ಮ ನಮ್ಮ ಜೊತೆ ಮೂರನೇ ಸಾಲಿನಲ್ಲಿ ಕೂರುತ್ತಾರೆ. ಎಲ್ಲರೂ ಸೇರಿ ಓದುವಾಗ ಅವರೂ ಓದಬೇಕಲ್ವಾ? ಅವರ ಬಾಯಲ್ಲಿ ‘ನಾವು ಈ ನೆಲಕ್ಕೆ ಬಂದೆವು’ ಅಂತ ಹೇಳಿಸುವುದು ಅನ್ಯಾಯ. ಅವರನ್ನು ಸೇರಿಸಿಕೊಳ್ಳಲು ಹೋಗಿ, ಅವರಿಗೆ ಆದದ್ದನ್ನು ಅವರೇ ಮಾಡಿದ ಹಾಗೆ ಬರೆದಿದ್ದೆ. ನನಗೆ ನಿಜವಾಗಿಯೂ ಹೊಟ್ಟೆಯಲ್ಲಿ ಕಲಸಿದ ಹಾಗಾಯಿತು.

ತೆಲುಗಿನಲ್ಲೂ ಇದು ಪೂರ್ತಿ ಬಗೆಹರಿಯುವುದಿಲ್ಲ. ಕೇಳುವವನು ದೇವರಾದರೆ ಅಲ್ಲಿ ‘ಮೇಮು’ನೇ ಬರಬೇಕು. ಯೇಸು ಕಲಿಸಿದ ಕರ್ತನ ಪ್ರಾರ್ಥನೆಯಲ್ಲಿ ಅವರು ‘ಮಾ ತಂಡ್ರೀ’ (ನಮ್ಮ ತಂದೆಯೇ) ಅನ್ನುತ್ತಾರೆ, ‘ಮನ’ ಅನ್ನುವುದಿಲ್ಲ. ಅಂದರೆ ಪಕ್ಕದಲ್ಲಿ ಕೂತವರು ಆ ‘ಮೇಮು’ ಒಳಗಿದ್ದಾರೋ ಇಲ್ಲವೋ ಎಂದು ಆ ಪದ ಹೇಳುವುದಿಲ್ಲ. ಆದರೆ ಪ್ರಶ್ನೆಯನ್ನಾದರೂ ಎತ್ತುತ್ತದೆ. ನಮ್ಮ ‘ನಾವು’ ಅದನ್ನೂ ಮಾಡುವುದಿಲ್ಲ, ಸುಮ್ನೆ ಜಾರಿಕೊಂಡು ಹೋಗುತ್ತದೆ.

ಕೊನೆಗೆ ಹೀಗೆ ತಿದ್ದಿದೆ: ‘ದೇವರೇ, ಹೊರಗಿನಿಂದ ಬಂದು ಇಲ್ಲಿ ನೆಲೆಸಿದ ನಾವು, ಮೊದಲಿದ್ದವರ ಮಾತು ಕೇಳಲಿಲ್ಲ.’ ‘ನಾವು’ ಹಿಂದೆ ‘ನೆಲೆಸಿದ’ ಅಂತ ಸೇರಿಸಿದರೆ ಗೆರೆ ಎಳೆದ ಹಾಗಾಗುತ್ತದೆ. ನಾನೂ ಆ ಗೆರೆಯೊಳಗೇ ಬರುತ್ತೇನೆ, ನಿನ್ನೆ ಮೊನ್ನೆ ಬಂದವಳಾದರೂ. ಆ ಸಾಲನ್ನು ಹಿರಿಯಮ್ಮ ಓದಬೇಕಾಗಿಲ್ಲ. ಅದರ ಮುಂದಿನ ಸಾಲು ಎಲ್ಲರದು: ‘ಇಲ್ಲಿ ಕೂಡಿದ ನಾವೆಲ್ಲರೂ ನಿನ್ನನ್ನು ಬೇಡುತ್ತೇವೆ.’

ಆರಾಧನೆಗೆ ಕರೆಯುವ ಸಾಲು ಮಾತ್ರ ಕನ್ನಡದಲ್ಲಿ ಬಹಳ ಸಲೀಸಾಗಿ ಬಂತು. ಯಾಕೆ ಅಂದರೆ ‘ಹಾಡೋಣ’, ‘ಕೂಡೋಣ’ ಅನ್ನುವ ‘ಓಣ’ ಇದೆಯಲ್ಲ, ಅದರಲ್ಲೇ ಕೇಳುವವರು ಸೇರಿರುತ್ತಾರೆ. ‘ನಾವು ಊಟಕ್ಕೆ ಹೋಗ್ತೀವಿ’ ಅಂದರೆ ನಿಮ್ಮನ್ನು ಬಿಟ್ಟು ಹೋಗಬಹುದು. ‘ಊಟಕ್ಕೆ ಹೋಗೋಣ’ ಅಂದರೆ ಬಿಡುವ ಹಾಗಿಲ್ಲ. ಇಂಗ್ಲಿಷ್ ಹಾಳೆಯಲ್ಲಿ ‘ದೇಹದಲ್ಲಾಗಲಿ ಆತ್ಮದಲ್ಲಾಗಲಿ ಎದ್ದು ನಿಲ್ಲಿ’ ಅನ್ನುವ ಅರ್ಥದ ಮಾತಿತ್ತು, ಗಾಲಿಕುರ್ಚಿಯಲ್ಲಿ ಕೂತವರನ್ನೂ ನೆನೆದು ಬರೆದದ್ದು. ಕನ್ನಡಕ್ಕೆ ಹಾಗೇ ತಂದರೆ ಆತ್ಮ ಎದ್ದು ನಿಂತ ಹಾಗೆ ಕೇಳಿಸಿ ಹೆದರಿಕೆ ಆಗುತ್ತದೆ. ‘ನಿಂತಾಗಲಿ ಕೂತಾಗಲಿ, ಎಲ್ಲರೂ ಸೇರಿ ಹಾಡೋಣ’ ಅಂತ ಬರೆದೆ. ಆದರೆ ದೇವರಿಗೆ ಹೇಳುವ ಸಾಲಿನಲ್ಲಿ ಈ ‘ಓಣ’ ನಡೆಯುವುದಿಲ್ಲ. ‘ದೇವರೇ, ನಿನ್ನನ್ನು ಸ್ತುತಿಸೋಣ’ ಅಂದರೆ ತಪ್ಪು ತಪ್ಪಾಗಿ ಕೇಳುತ್ತದೆ. ‘ನಾವು ನೀವು’ ಅನ್ನುವುದೂ ಅಲ್ಲಿ ಆಗದು, ಆ ‘ನೀವು’ ಯಾರು ಅಂತ ಗೊಂದಲವಾಗುತ್ತದೆ.

‘ಸಹೋದರರೇ’ ಬದಲು ‘ಒಡಹುಟ್ಟಿದವರೇ’ ಅಂತ ಹಾಕಿದ್ದೇನೆ, ಅದರ ಬಗ್ಗೆ ನನಗೆ ಅನುಮಾನ ಇಲ್ಲ. ದೇವರಿಗೆ ಹಳೆಯ ಸತ್ಯವೇದದ (ಬೈಬಲಿನ) ಹಾಗೆ ‘ಮಾಡಿದನು’ ಅನ್ನುವುದೋ ‘ಮಾಡಿದರು’ ಅನ್ನುವುದೋ ಅನ್ನುವುದು ದೊಡ್ಡ ಚರ್ಚೆ, ಅದಕ್ಕೆ ಬೇರೆ ಪತ್ರ ಬರೆಯುತ್ತೇನೆ.

ಈಗ ನನ್ನ ಪ್ರಶ್ನೆ, ಮುಖ್ಯವಾಗಿ ಹವ್ಯಕರಿಗೆ. ನಿಮ್ಮ ಮಾತಿನಲ್ಲಿ ಕೇಳುವವರನ್ನು ಬಿಟ್ಟ ‘ಎಂಗೊ’ ಬೇರೆ, ಸೇರಿಸಿಕೊಂಡ ‘ನಾವು’ ಬೇರೆ ಅಲ್ವಾ? ಮನೆಯಲ್ಲಿ ಎಲ್ಲರೂ ಸೇರಿ ದೇವರಿಗೆ ಕೈ ಮುಗಿದು ಕೇಳುವಾಗ ‘ಎಂಗಳ’ ಕಾಪಾಡು ಅನ್ನುತ್ತೀರೋ, ‘ನಮ್ಮ’ ಅನ್ನುತ್ತೀರೋ? ಒಬ್ಬರೇ ಕೇಳುವಾಗಲೂ ಹಾಗೆಯೇ ಬರುತ್ತದಾ? ಬೇರೆ ಕಡೆಯ ಕನ್ನಡದಲ್ಲೂ ಈ ಬಗೆಯ ಎರಡು ‘ನಾವು’ ಉಳಿದಿದ್ದರೆ ದಯವಿಟ್ಟು ತಿಳಿಸಿ, ಮನೆಯಲ್ಲಿ ಆಡುವ ಒಂದು ವಾಕ್ಯ ಬರೆದರೂ ಸಾಕು. ಹಾಳೆ ಅಚ್ಚಿಗೆ ಹೋಗಲು ಇನ್ನೂ ಹತ್ತು ದಿನ ಇದೆ.