ಬಳ್ಳಾರಿ ರಸ್ತೆಗೆ ಪೋಲೋ ಜಿಟಿ: ಬರೀ ಶಾಕಬ್ಸರ್ ಬದಲಿಸಲಾ, ಸ್ಪ್ರಿಂಗೂ ಬೇಕಾ?

ಕೌಲ್‌ಬಜಾರ್ ಟಿಎಸ್‌ಐ:
ಎಲ್ಲರಿಗೂ ನಮಸ್ಕಾರ. ನನ್ನದು 2015ರ ಫೋಕ್ಸ್‌ವ್ಯಾಗನ್ ಪೋಲೋ ಜಿಟಿ ಟಿಎಸ್‌ಐ, 1.2 ಟರ್ಬೊ ಪೆಟ್ರೋಲ್, ಡಿಎಸ್‌ಜಿ ಆಟೊಮ್ಯಾಟಿಕ್ ಗೇರ್. ಈಗ 90 ಸಾವಿರ ಕಿ.ಮೀ. ದಾಟಿದೆ. ಶಾಕಬ್ಸರ್ ಇನ್ನೂ ಕಂಪನಿಯಿಂದ ಬಂದವೇ. ಟೈರ್ 185/60 ಆರ್15. ಕೆಲಸ ತೋರಣಗಲ್ಲಿನಲ್ಲಿ, ಹಾಗಾಗಿ ದಿನಾ ಅದಿರು ಲಾರಿಗಳ ನಡುವೆಯೇ ಓಡಾಟ. ಅಕ್ಕನ ಮನೆ ಸಿರುಗುಪ್ಪದಲ್ಲಿದೆ, ಆ ಕಡೆಗೂ ಆಗಾಗ ಹೋಗುತ್ತೇನೆ.

ತೊಂದರೆ ಎರಡು. ಸಣ್ಣ ತಗ್ಗಿನಲ್ಲಿ ನಿಧಾನವಾಗಿ ಹೋದರೂ ಮುಂದೆ ಎಡಗಡೆ ಟಕ್ ಟಕ್ ಅನ್ನುತ್ತದೆ. ಸಿರುಗುಪ್ಪ ರಸ್ತೆಯಲ್ಲಿ 80ರಲ್ಲಿ ಹೋದರೆ ಗಾಡಿ ಒಂದು ಸಲ ಎದ್ದದ್ದು ಅಲ್ಲಿಗೇ ನಿಲ್ಲುವುದಿಲ್ಲ, ಮತ್ತೆ ಮತ್ತೆ ಏಳುತ್ತದೆ. ಹಿಂದೆ ಕೂತ ಅಮ್ಮನಿಗೆ ವಾಕರಿಕೆ ಬರುತ್ತದೆ.

ಬೆಂಗಳೂರಿನ ಒಂದು ಅಂಗಡಿಯವರು ಗಾಡಿ ಇಳಿಸುವ ಲೋವರಿಂಗ್ ಸ್ಪ್ರಿಂಗ್ ಜೊತೆ ಬಿಲ್‌ಸ್ಟೈನ್ ಕಂಪನಿಯ ಬಿ8 ಶಾಕಬ್ಸರ್ ಹಾಕಿಸಿ ಎಂದರು. ಗೆಳೆಯ ಕಾಯಿಲ್‌ಓವರ್ (ಎತ್ತರ ಹೊಂದಿಸಬಹುದಾದ ಸ್ಪ್ರಿಂಗ್, ಶಾಕಬ್ಸರ್ ಸೆಟ್) ಹಾಕಿಸು ಅನ್ನುತ್ತಾನೆ. ಸಂಡೂರು ಗುಡ್ಡದ ತಿರುವುಗಳಲ್ಲಿ ಈ ಕಾರು ಕೊಡುವ ಖುಷಿ ನನಗೆ ಬೇಕೇ ಬೇಕು, ಗಾಡಿ ಮೆತ್ತಗಾಗಬಾರದು. ನಮ್ಮ ರಸ್ತೆ ಗೊತ್ತಿರುವವರು ಹೇಳಿ.

ಗಂಗಾವತಿ ಎನ್‌ಲೈನ್:
ನನ್ನದು ಐ20 ಎನ್ ಲೈನ್. ಮೊದಲು ಟೈರ್ ನೋಡಿ ಸರ್. 195/60 ಆರ್15 ಹಾಕಿದರೆ ಟೈರಿನ ಗೋಡೆ 111 ಮಿ.ಮೀ.ನಿಂದ 117ಕ್ಕೆ ಹೋಗುತ್ತದೆ. ಗಾಡಿ 6 ಮಿ.ಮೀ. ಮೇಲೆ ಬರುತ್ತದೆ, ರಿಮ್ಮೂ ಉಳಿಯುತ್ತದೆ. 17 ಇಂಚು ರಿಮ್ ಆಸೆ ಇದ್ದರೆ ಬಿಟ್ಟುಬಿಡಿ.

ಕೆಂಪು ಧೂಳು:
ತಮ್ಮಾ, ನಾನು ಬಳ್ಳಾರಿಯಲ್ಲೇ ಗ್ಯಾರೇಜ್ ನಡೆಸುವವನು. ನಿಮ್ಮ ಎರಡು ತೊಂದರೆಗೆ ಕಾರಣ ಬೇರೆ ಬೇರೆ. ಆ ಟಕ್ ಟಕ್‌ಗೂ ಬಿ8ಗೂ ಸಂಬಂಧವೇ ಇಲ್ಲ. ಲಿಂಕ್ ರಾಡ್ (ಗಾಡಿ ವಾಲದಂತೆ ತಡೆಯುವ ಬಾರ್‌ನ ಕೊಂಡಿ), ಸ್ಟ್ರಟ್ ಮೌಂಟಿಂಗ್ (ಶಾಕಬ್ಸರ್ ಮೇಲ್ತುದಿ ಕೂರುವ ಜಾಗ), ಲೋವರ್ ಆರ್ಮ್ ಬುಶ್ (ಚಕ್ರ ಹಿಡಿಯುವ ಕೆಳತೋಳಿನ ರಬ್ಬರ್), ಈ ಮೂರರಲ್ಲಿ ಒಂದು ಹೋಗಿರುತ್ತದೆ. ಮೊದಲು ಗಾಡಿಯನ್ನು ಲಿಫ್ಟ್ ಮೇಲೆ ಹಾಕಿಸಿ ಅದನ್ನು ಹುಡುಕಿಸಿ. ಹರಿದ ಬುಶ್ ಹಾಗೇ ಬಿಟ್ಟು ಎಷ್ಟು ದುಬಾರಿ ಶಾಕಬ್ಸರ್ ಹಾಕಿದರೂ ಸದ್ದು ಅಲ್ಲೇ ಇರುತ್ತದೆ.

ಗಾಡಿ ಮತ್ತೆ ಮತ್ತೆ ಏಳುವುದು ಮಾತ್ರ ಶಾಕಬ್ಸರ್ ಸೋತಿರುವ ಲಕ್ಷಣ. ಸಿರುಗುಪ್ಪ ಕಡೆಯದು ಎರೆ ಭೂಮಿ, ಸುತ್ತ ಭತ್ತದ ಗದ್ದೆ. ಎರೆ ಮಣ್ಣು ನೀರು ಕುಡಿದರೆ ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗಿ ಬಿರಿಯುತ್ತದೆ. ಮೇಲಿನ ಡಾಂಬರು ಅದರ ಜೊತೆಗೇ ಏರಿಳಿಯುತ್ತದೆ. ಅಲ್ಲಿ ಸ್ಪ್ರಿಂಗ್ ಒಮ್ಮೆ ಒತ್ತಿಕೊಂಡು ವಾಪಸ್ ಏಳುವಾಗ ಅದನ್ನು ಹಿಡಿದು ನಿಲ್ಲಿಸುವ ಶಕ್ತಿ ಶಾಕಬ್ಸರ್‌ಗೆ ಬೇಕು. ಸಂಡೂರು, ತೋರಣಗಲ್ಲು ಕಡೆ ಕಥೆಯೇ ಬೇರೆ. ಲಾರಿ ಭಾರಕ್ಕೆ ಅಂಚು ಮುರಿದ ತಗ್ಗುಗಳು, ಚಕ್ರಕ್ಕೆ ಒಮ್ಮೆಲೇ ಏಟು. ಅಲ್ಲಿ ಚಕ್ರ ಮೇಲೆ ಹೋಗಲು ಜಾಗ ಬೇಕು.

ಲೋವರಿಂಗ್ ಸ್ಪ್ರಿಂಗ್ ಆ ಜಾಗವನ್ನೇ ತಿನ್ನುತ್ತದೆ. ಪೋಲೋ ಗ್ರೌಂಡ್ ಕ್ಲಿಯರೆನ್ಸ್ 165 ಮಿ.ಮೀ. ಆಸುಪಾಸು. ಅದರಲ್ಲಿ 30 ಇಳಿಸಿ, ನಾಲ್ಕು ಜನ ಕೂತರೆ ಏನು ಉಳಿಯುತ್ತದೆ ನೀವೇ ಹೇಳಿ. ಪ್ರತಿ ತಗ್ಗಿಗೂ ಗಾಡಿ ಬಂಪ್ ಸ್ಟಾಪ್ (ಶಾಕಬ್ಸರ್ ಪೂರ್ತಿ ಒತ್ತದಂತೆ ತಡೆಯುವ ತುಂಡು) ಮೇಲೆ ಹೋಗಿ ಕೂರುತ್ತದೆ. ಹಂಪ್‌ಗೆ ಇಂಜಿನ್ ಕೆಳಭಾಗ ಉಜ್ಜುತ್ತದೆ. ಬಿ8 ಮಾಡಿರುವುದೇ ಇಳಿಸಿದ ಗಾಡಿಗಾಗಿ, ಅದರ ರಾಡ್ ಗಿಡ್ಡ. ಕಾಯಿಲ್‌ಓವರ್ ನಮ್ಮ ಊರಿಗೆ ಬೇಡವೇ ಬೇಡ. ಅದಿರಿನ ಧೂಳು, ಮೇಲೆ ಮಳೆ ನೀರು, ಎರಡೂ ಸೇರಿ ಅದರ ಥ್ರೆಡ್ ಜಾಮ್ ಆಗುತ್ತದೆ. ಆಮೇಲೆ ಎತ್ತರ ಹೊಂದಿಸುವ ಮಾತೇ ಇಲ್ಲ.

ಕಂಪನಿ ಸ್ಪ್ರಿಂಗ್ ಹಾಗೇ ಇರಲಿ, ಬಿಲ್‌ಸ್ಟೈನ್‌ನದೇ ಬಿ6 ಶಾಕಬ್ಸರ್ ಹಾಕಿ. ಅದೇ ಎತ್ತರ, ಆದರೆ ಹಿಡಿತ ಜಾಸ್ತಿ. ಅದು ಮೊನೊಟ್ಯೂಬ್, ಅಂದರೆ ಒಂದೇ ಕೊಳವೆ, ಅದರೊಳಗೆ ಎಣ್ಣೆ ಬೇರೆ, ಗ್ಯಾಸ್ ಬೇರೆ. ಬೇಸಿಗೆಯಲ್ಲಿ ಇಲ್ಲಿ 40 ಡಿಗ್ರಿ ದಾಟುತ್ತದೆ, ಕೆಟ್ಟ ರಸ್ತೆಯಲ್ಲಿ ಶಾಕಬ್ಸರ್ ಒಳಗಿನ ಎಣ್ಣೆಯೂ ಕಾಯುತ್ತದೆ. ಎಣ್ಣೆ ನೊರೆಯಾದರೆ ಹಿಡಿತ ಹೋಯಿತು. ಮೊನೊಟ್ಯೂಬ್‌ನಲ್ಲಿ ಆ ಕಾಟ ಕಡಿಮೆ. ಅಮ್ಮ ದಿನಾ ಗಾಡಿಯಲ್ಲಿ ಬರುವವರಾದರೆ ಬಿ4 ನೋಡಿ, ಅದು ಹೆಚ್ಚು ಕಡಿಮೆ ಕಂಪನಿ ಮಾಲಿನ ಹಾಗೇ. ಕೋನಿ ಎಂಬ ಇನ್ನೊಂದು ಕಂಪನಿಯ ಸ್ಪೆಷಲ್ ಆಕ್ಟಿವ್ ಅಂತಲೂ ಇದೆ. ತಗ್ಗಿನ ಚುರುಕು ಏಟಿಗೆ ಸಡಿಲವಾಗಿ, ತಿರುವಿನಲ್ಲಿ ಬಿಗಿಯಾಗಿ ಇರುವ ಹಾಗೆ ಅದರ ವಾಲ್ವ್ ಮಾಡಿದ್ದಾರೆ. ನಿಮ್ಮ ಮಾಡೆಲ್‌ಗೆ ಸಿಗುತ್ತದಾ ಪಾರ್ಟ್ ನಂಬರ್ ಹಾಕಿ ನೋಡಿ. ಸಿಕ್ಕರೆ ನಿಮ್ಮಂಥವರಿಗೆ ಅದು ತುಂಬಾ ಒಳ್ಳೆಯದು.

ಲಿಂಗಸುಗೂರು ರೋಡ್:
ಅಣ್ಣ ಹೇಳಿದ್ದು ಸರಿ. ನನ್ನ ಪೋಲೋದಲ್ಲಿ ಬಿ6 ಇದೆ, ರಾಯಚೂರಿನಲ್ಲಿ ಓಡಿಸುತ್ತೇನೆ. ಒಂದು ಮಾತು ಮಾತ್ರ ಸೇರಿಸಬೇಕು. ಊರೊಳಗೆ ಒಬ್ಬನೇ ನಿಧಾನವಾಗಿ ಹೋಗುವಾಗ ಹಿಂದುಗಡೆ ಗಟ್ಟಿ ಅನಿಸುತ್ತದೆ. ಮನೆಯವರೆಲ್ಲ ಕೂತು ಹೈವೇಗೆ ಬಂದರೆ ಗಾಡಿ ರಸ್ತೆಗೆ ಅಂಟಿಕೊಂಡು ಹೋಗುತ್ತದೆ. ಊರೊಳಗಿನ ಓಡಾಟವೇ ಜಾಸ್ತಿ ಇದ್ದರೆ ಯೋಚಿಸಿ. ಇನ್ನೊಂದು, ಎತ್ತರ ಇಳಿಸಿದರೆ ಇನ್ಶೂರೆನ್ಸ್‌ನವರು ಪ್ರಶ್ನೆ ಎತ್ತಬಹುದು. ಕಂಪನಿ ಕೊಟ್ಟ ಗಾಡಿಯನ್ನು ಬದಲಿಸುವ ಬಗ್ಗೆ 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಇದೆ.

ಕೌಲ್‌ಬಜಾರ್ ಟಿಎಸ್‌ಐ:
ತುಂಬಾ ಥ್ಯಾಂಕ್ಸ್. ಲೋವರಿಂಗ್ ಆಸೆ ಬಿಟ್ಟೆ. ಈ ವಾರ ಬುಶ್ ನೋಡಿಸುತ್ತೇನೆ. ಅಣ್ಣಾ, ದುಡ್ಡು ಒಟ್ಟಿಗೆ ಹೊಂದಿಸುವುದು ಕಷ್ಟ. ಈಗ ಮುಂದಿನ ಎರಡು ಬಿ6 ಹಾಕಿಸಿ, ಹಿಂದಿನದು ದೀಪಾವಳಿಗೆ ಹಾಕಿಸಲಾ?

ಕೆಂಪು ಧೂಳು:
ಬೇಡ ತಮ್ಮಾ. ಮುಂದೆ ಬಿಗಿ, ಹಿಂದೆ ಸೋತ ಶಾಕಬ್ಸರ್ ಇದ್ದರೆ ತಿರುವಿನಲ್ಲಿ ಬಾಲ ಅಲ್ಲಾಡುತ್ತದೆ. ವಾಕರಿಕೆ ಬರುತ್ತಿರುವುದು ಹಿಂದೆ ಕೂತ ಅಮ್ಮನಿಗೇ ಅಲ್ವಾ? ಈಗ ಬುಶ್, ಲಿಂಕ್ ರಾಡ್, ಟೈರ್ ಮುಗಿಸಿ. ದೀಪಾವಳಿಗೆ ನಾಲ್ಕೂ ಶಾಕಬ್ಸರ್ ಒಟ್ಟಿಗೆ ಹಾಕಿಸಿ. ಅದುವರೆಗೆ ಸಿರುಗುಪ್ಪ ರಸ್ತೆಯಲ್ಲಿ 60 ದಾಟಬೇಡಿ.

ಶಾಕಬ್ಸರ್ ತರುವಾಗ ಹೊಸ ಬಂಪ್ ಸ್ಟಾಪ್, ಡಸ್ಟ್ ಕವರ್, ಮೌಂಟಿಂಗ್ ಕೂಡ ತನ್ನಿ. ಹಳೇ ಹರಿದ ಕವರ್ ಹಾಕಿದರೆ ನಮ್ಮ ಧೂಳು ರಾಡಿಗೆ ಹತ್ತಿ ಸೀಲ್ ತಿಂದುಬಿಡುತ್ತದೆ. ಲೋವರ್ ಆರ್ಮ್ ಬುಶ್ ಹಾಕುವಾಗ ಪಕ್ಕದಲ್ಲೇ ನಿಂತು ನೋಡಿ. ಚಕ್ರ ಗಾಳಿಯಲ್ಲಿ ತೂಗಾಡುವಾಗ ಬೋಲ್ಟ್ ಪೂರ್ತಿ ಬಿಗಿಯಬಾರದು. ಗಾಡಿ ಭಾರ ಚಕ್ರದ ಮೇಲೆ ಬಂದ ಮೇಲೇ ಕೊನೆಯ ಬಿಗಿತ ಕೊಡಬೇಕು. ಇಲ್ಲದಿದ್ದರೆ ರಬ್ಬರ್ ಯಾವಾಗಲೂ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ. ಅಲೈನ್‌ಮೆಂಟ್ ಅದೇ ದಿನ ಮಾಡಿಸಿ.